ಎರಡು ಸಾವಿರ ಪೆಟ್ಟು ತಿಂದ ಹಿಮ್ಮಡಿ

ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಸೀಲಿಂಗ್ ಫ್ಯಾನ್ ಇಲ್ಲ. ಟೇಬಲ್ ಫ್ಯಾನ್ ಇದೆ, ಬೀಸಣಿಗೆ ಇದೆ, ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ ಇದೆ. ತಲೆಯ ಮೇಲೆ ಮಾತ್ರ ಏನೂ ತಿರುಗುವುದಿಲ್ಲ. ಮನಸಾರೆ ನಕ್ಕವರ ಕಾಲು ನೆಲ ಬಿಡುವ ಊರಿನಲ್ಲಿ ಅಂಥದ್ದನ್ನು ಯಾರು ತಾನೇ ತೂಗುಹಾಕುತ್ತಾರೆ? ಸಣ್ಣ ನಗೆಗೆ ಎರಡು ಬೆರಳು, ಒಳ್ಳೆಯ ನಗೆಗೆ ಒಂದು ಮೊಳ, ಹೊಟ್ಟೆ ಹಿಡಿದುಕೊಂಡು ನಕ್ಕರೆ ಮಾಳಿಗೆಯೇ ಗತಿ. ಅದಕ್ಕೇ ಎಲ್ಲರೂ ಮಾಳಿಗೆಯ ಒಳಮೈಗೆ ಹಳೆಯ ಕೌದಿ ಬಡಿದಿರುತ್ತಾರೆ. ಟಾಕೀಸಿನ ಕುರ್ಚಿಗಳಿಗೆ ಸೊಂಟದ ಪಟ್ಟಿ ಇದೆ. ಒಂದನೇ ಇಯತ್ತೆಯ ಮಕ್ಕಳ ಕಾಲಿಗೆ ದಾರ ಕಟ್ಟಿ ಬೆಂಚಿಗೆ ಬಿಗಿಯುತ್ತಾರೆ. ಕ್ಷೌರದಂಗಡಿಯ ಗೋಡೆಯ ಮೇಲೆ ‘ಕತ್ತಿ ಆಡುವಾಗ ಮಾತು ಬೇಡ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ.

ಇದರಿಂದ ನಮಗೆ ತೊಂದರೆಯೇನೂ ಇಲ್ಲ. ಕಷ್ಟವಿರುವುದು ಒಂದರಲ್ಲಿಯೇ: ಸುಳ್ಳು ನಗೆಗೆ ಕಾಲು ಏಳುವುದಿಲ್ಲ. ಪುರಸಭೆಯ ಮೆಂಬರ್ ಭಾಷಣದ ನಡುವೆ ಚಟಾಕಿ ಹಾರಿಸಿದಾಗ ಸಭೆಯೆಲ್ಲ ಹೋ ಎಂದು ನಗುತ್ತದೆ. ಒಂದು ಚಪ್ಪಲಿಯೂ ನೆಲ ಬಿಡುವುದಿಲ್ಲ. ತನ್ನ ಮಾತಿಗೆ ಸೊಸೆ ನಿಜವಾಗಿ ನಕ್ಕಳೋ ಇಲ್ಲವೋ ಎಂದು ತಿಳಿಯಲು ಅತ್ತೆ ಅವಳ ಮುಖ ನೋಡುವುದಿಲ್ಲ, ಪಾದ ನೋಡುತ್ತಾಳೆ.

ನಾನು ಕಾಶವ್ವ ಹೂಗಾರ. ಮದುವೆ ಮುಂಜಿಗೆ, ಹಬ್ಬ ಹರಿದಿನಕ್ಕೆ ಕಲ್ಯಾಣ ಮಂಟಪಗಳ ಮಾಳಿಗೆಗೆ ಹೂವಿನ ಸರ ಇಳಿಬಿಡುವುದು ನಮ್ಮ ಮನೆತನದ ಕೆಲಸ. ನಮ್ಮವ್ವ ಮಾಡಿದ್ದಳು, ಅವಳ ಅವ್ವ ಎಪ್ಪತ್ತರವರೆಗೂ ಮಾಡಿದ್ದಳು. ಏಣಿ ಬೇಕಾಗಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹೆಗಲಿಗೆ ಹೂವಿನ ಬುಟ್ಟಿ ಏರಿಸಿಕೊಂಡು ನಿಂತರೆ ಸಾಕು. ಹಗ್ಗದ ಇನ್ನೊಂದು ತುದಿ ಹಿಡಿದು ನಮ್ಮವರು, ಅಂದರೆ ನನ್ನ ಗಂಡ ಗುರುಶಾಂತಪ್ಪನವರು, ಕೆಳಗೆ ನಿಂತು ಮಾತು ತೆಗೆಯುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ನಾನು ಅವರ ಮಾತಿಗೆ ನಕ್ಕು ಮೇಲೇರಿದ್ದೇನೆ, ಸರ ಕಟ್ಟಿದ್ದೇನೆ, ನಗೆ ಸಣ್ಣದಾದಂತೆ ಇಳಿದಿದ್ದೇನೆ. ಇಳಿಯುವುದು ಮುಕ್ಕಾಲು ದಾರಿ ಮೆತ್ತಗೇ ಇರುತ್ತದೆ. ಕೊನೆಯ ಎರಡು ಮೊಳ ಮಾತ್ರ ಧಪ್ಪೆಂದು. ನಗೆ ಮುಗಿಯುವುದೇ ಹಾಗೆ, ಇದ್ದಕ್ಕಿದ್ದಂತೆ. ಆ ಭಾರವನ್ನೆಲ್ಲ ಹೊರುವುದು ಹಿಮ್ಮಡಿ.

ನಲವತ್ತು ದಾಟಿದವರಲ್ಲಿ ಅರ್ಧ ಊರಿಗೆ ಹಿಮ್ಮಡಿ ನೋವು. ಯಾರಾದರೂ ಕುಂಟುತ್ತ ಬಂದರೆ ನಮ್ಮಲ್ಲಿ ಅಯ್ಯೋ ಪಾಪ ಎನ್ನುವುದಿಲ್ಲ, ‘ಭಾಳ ನಕ್ಕಾರ ನೋಡ್ರಿ’ ಎನ್ನುತ್ತಾರೆ. ನನಗೂ ಬಂತು. ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದರೆ ಯಾರೋ ನೆಲದಡಿಯಿಂದ ದಬ್ಬಣ ಚುಚ್ಚಿದಂತೆ. ಹತ್ತು ಹೆಜ್ಜೆ ನಡೆದ ಮೇಲೆ ತುಸು ಕಡಿಮೆ, ಸಂಜೆಗೆ ಮತ್ತೆ ಅದೇ. ಕಾದ ಇಟ್ಟಿಗೆಯ ಮೇಲೆ ಎಕ್ಕೆ ಎಲೆ ಹಾಸಿ ಕಾಲಿಟ್ಟು ನೋಡಿದೆ. ಎಳ್ಳೆಣ್ಣೆ ತಿಕ್ಕಿದೆ. ಆಗಲಿಲ್ಲ. ನಮ್ಮವರಿಗೆ ಮಾತ್ರ ಹೇಳಲಿಲ್ಲ. ನನ್ನ ಹಿಮ್ಮಡಿಯನ್ನು ಇಪ್ಪತ್ತಾರು ವರ್ಷ ಕುಟ್ಟಿದ್ದು ತಮ್ಮ ಮಾತುಗಳೇ ಎಂದು ತಿಳಿದರೆ ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡುಬಿಡುತ್ತಾರೆ ಎಂಬ ಹೆದರಿಕೆ ನನಗೆ.

ಹಾಗಿರುವಾಗ ಒಂದು ದಿನ ಬಜಾರದ ಕಲ್ಯಾಣ ಮಂಟಪದಲ್ಲಿ ಕೆಲಸವಿತ್ತು. ಬುಟ್ಟಿ ಹೆಗಲಿಗೇರಿಸಿ ನಿಂತೆ. ನಮ್ಮವರು ತಮ್ಮ ಸೋದರಮಾವ ಅಡಿವೆಪ್ಪನ ಸುದ್ದಿ ತೆಗೆದರು.

“ನಿನ್ನಿ ಅಡಿವೆಪ್ಪ ಮಾವ ಗ್ಯಾಸಿನವರಿಗೆ ಫೋನ್ ಹಚ್ಚಿದ್ನಂತ. ಅತ್ತಕಡಿಂದ ಹೆಣ್ಣಮಗಳ ದನಿ ಬಂತು. ಮಾವ ಗಡಬಡಿಸಿ ಅಂಗಿ ಗುಂಡಿ ಹಾಕ್ಕೊಂಡ. ಆಕಿ, ‘ನೀವು ಸರತಿಯಲ್ಲಿದ್ದೀರಿ’ ಅಂದ್ಲಂತ. ಅತ್ತಿ ಒಳಗಿಂದ ಚಾ ತಂದ್ಲು. ಮಾವ ಕೈಲೆ ತಡದು, ‘ನಡೂಕ ನುಗ್ಗಬ್ಯಾಡ, ನನ್ನ ಹಿಂದ ನಿಂದ್ರು’ ಅಂದ. ಸಂಜೀತನಕ ಅವರ ಪಡಸಾಲ್ಯಾಗ ಒಂಬತ್ತು ಮಂದಿ ಸಾಲಾಗಿ ನಿಂತಿದ್ರು. ಯಾಕ ಅಂತ ಯಾರಿಗೂ ಗೊತ್ತಿಲ್ಲ.”

ಬೇರೆ ಯಾವ ದಿನವಾಗಿದ್ದರೂ ನಾನು ಮಾಳಿಗೆಗೆ ತಲೆ ಬಡಿಸಿಕೊಳ್ಳುತ್ತಿದ್ದೆ. ಆದರೆ ಮಾವ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ನನಗೆ ಆಮೇಲಿನ ಧಪ್ಪೆನ್ನುವ ಸದ್ದು ಕೇಳಿಸಿತು. ಹೊಟ್ಟೆಯಲ್ಲಿ ಹುಟ್ಟಿದ ನಗೆ ಗಂಟಲಿಗೆ ಬರುವಷ್ಟರಲ್ಲಿ ಸತ್ತುಹೋಯಿತು. ಅವರಿಗೆ ಬೇಸರವಾಗಬಾರದೆಂದು “ಹ ಹ ಹ” ಎಂದೆ.

ನಮ್ಮವರು ನನ್ನ ಪಾದ ನೋಡಿದರು. ನಾನೂ ನೋಡಿದೆ. ಎರಡೂ ನೆಲದ ಮೇಲೆ ಗೂಟ ಹೊಡೆದಂತೆ ಇದ್ದವು.

“ಇರ್ಲಿ ಬಿಡು,” ಎಂದರು ಮೆಲ್ಲಗೆ. “ಏಣಿ ತರ್ತೇನಿ.”

ನಮ್ಮೂರಿಗೆ ಇರುವುದು ಒಂದೇ ಏಣಿ. ಅದನ್ನು ಸಾವಿನ ಮನೆಯ ಕೆಲಸಕ್ಕೆಂದು ಪುರಸಭೆಯ ಹಿಂದಿನ ಗೋಡೆಗೆ ಒರಗಿಸಿಟ್ಟಿರುತ್ತಾರೆ. ಅಂಥ ಮನೆಯಲ್ಲಿ ಯಾರೂ ನಗುವುದಿಲ್ಲವಲ್ಲ. ನಮ್ಮವರು ಅದನ್ನು ಹೆಗಲ ಮೇಲೆ ಹೊತ್ತು ಬಜಾರದಲ್ಲಿ ಬರುತ್ತಿದ್ದರೆ ಅಂಗಡಿಗಳವರೆಲ್ಲ ಎದ್ದು ನಿಂತರು, “ಯಾರು ಹೋದ್ರು?” ಎಂದು ಕೇಳಿದರು. ಅವರು ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದರು. ಆ ಮದುವೆಯ ಸರಗಳನ್ನು ನಾನು ಏಣಿ ಹತ್ತಿ ಕಟ್ಟಿದೆ. ಒಂದೊಂದು ಮೆಟ್ಟಿಲೂ ಹಿಮ್ಮಡಿಗೆ ಚುಚ್ಚುತ್ತಿತ್ತು, ಅದಕ್ಕಿಂತ ಹೆಚ್ಚು ಅವರ ಮೌನ.

ಒಂದು ವಾರ ಮನೆಯಲ್ಲಿ ಬೇಕಾದಷ್ಟೇ ಮಾತು. ಚಹಾದಂಗಡಿಗೆ ಹೋಗಿ ತಮ್ಮ ಮಾತುಗಳನ್ನು ಬೇರೆಯವರ ಮೇಲೆ ಪರೀಕ್ಷೆ ಮಾಡಿ ಬರುತ್ತಿದ್ದರಂತೆ. ಅಲ್ಲಿ ಎಲ್ಲರೂ ಏರುತ್ತಿದ್ದರು. ಮನೆಗೆ ಬಂದು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ ಅವರಿಗೆ ನನಗಿಂತ ಮುಂಚೆ ಎಚ್ಚರವಾಗಿದೆ, ನನಗೆ ಗೊತ್ತಿಲ್ಲ. ನಾನು ಎಂದಿನಂತೆ ಎದ್ದು, ಗೋಡೆ ಹಿಡಿದು, ತುದಿಗಾಲ ಮೇಲೆ ಬಚ್ಚಲಿಗೆ ಹೊರಟೆ. ಹಿಂದಿನಿಂದ ದನಿ ಬಂತು.

“ಕಾಶೀ. ಇದು ಎಂದಿನಿಂದ?”

ಗೋಡೆ ಹಿಡಿದೇ ತಿರುಗಿದೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ದೀಪಾವಳಿ ಮುಂದ ಚಾಲೂ ಆತ್ರಿ. ಕೆಳಗ ಇಳಿಯೂದ ನೆನಸಿದ್ರ ನಗಿ ಹಾರಿ ಹೋಗತೈತಿ.”

“ಅಂದ್ರ… ನನ್ನ ಮಾತು ಸಪ್ಪಗ ಆಗಿಲ್ಲ?”

“ನಿಮ್ಮ ಮಾತು ಸಪ್ಪಗ ಆಗಿಲ್ರಿ. ನನ್ನ ಹಿಮ್ಮಡಿ ಖಾರ ಆಗೈತಿ.”

ಅವರ ಮುಖ ಮೊದಲು ಬಿಚ್ಚಿತು, ಆಮೇಲೆ ಅರಳಿತು, ಆಮೇಲೆ ಆ ಮನುಷ್ಯ ಹಾಸಿಗೆಯ ಮೇಲೆ ಕೂತಲ್ಲಿಂದಲೇ ಹೊದಿಕೆಸಮೇತ ಮೇಲೆದ್ದರು. ಹೆಂಡತಿಯ ನೋವಿನ ಸುದ್ದಿ ಕೇಳಿ ಒಂದು ಮೊಳ ಏರಿದ ಗಂಡ ನಮ್ಮೂರಿನಲ್ಲೂ ಅವರೊಬ್ಬರೇ ಇರಬೇಕು. ಗಾಳಿಯಲ್ಲಿ ಕೂತೇ ಕೈಮುಗಿದು, “ತಪ್ಪಾತು, ತಪ್ಪಾತು, ನಿನ್ನ ನೋವಿಗಲ್ಲ, ಖರೇನ ನಿನ್ನ ನೋವಿಗಲ್ಲ” ಎನ್ನುತ್ತಿದ್ದರು. ಎನ್ನುತ್ತಲೇ ಮತ್ತೊಂದು ಗೇಣು ಏರಿದರು.

ಆ ದಿನವೇ ನನ್ನನ್ನು ಡಾಕ್ಟರ್ ತಸ್ನೀಮ್ ಅವರಲ್ಲಿಗೆ ಕರೆದುಕೊಂಡು ಹೋದರು. ಆಕೆ ಹೊರಗಿನವರು, ಬಟ್ಟೆ ಅಂಗಡಿಯ ಪಕ್ಕದಲ್ಲಿ ಆಗಷ್ಟೇ ಕ್ಲಿನಿಕ್ ತೆರೆದಿದ್ದರು. ಬಂದ ಮೊದಲ ದಿನ ಮಾಳಿಗೆಗೆ ಫ್ಯಾನ್ ಹಾಕಿಸಿದ್ದರಂತೆ. ಸಂಜೆಯೊಳಗೆ ಅಕ್ಕಪಕ್ಕದವರು ಬಂದು, ನಮಸ್ಕಾರ ಹೇಳುವ ಮುಂಚೆಯೇ ಅದನ್ನು ಬಿಚ್ಚಿ ಅವರ ಕೈಗೆ ಕೊಟ್ಟು, ಕೌದಿ ಬಡಿದು ಹೋಗಿದ್ದರಂತೆ.

ಡಾಕ್ಟರು ನನ್ನ ಹಿಮ್ಮಡಿಯ ಒಳಬದಿಗೆ ಹೆಬ್ಬೆರಳು ಒತ್ತಿದರು. ನಾನು “ಯವ್ವಾ!” ಎಂದೆ.

“ಸರಿಯಾದ ಜಾಗವೇ ಸಿಕ್ಕಿತು,” ಎಂದರು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆಂದೂ, ಬಿದ್ದು ಬಿದ್ದು ಅದರ ಬುಡ ಸವೆದಿದೆಯೆಂದೂ ಹೇಳಿದರು. ಮೊದಲು ಆರು ವಾರ ಟವೆಲನ್ನು ಅಂಗಾಲಿಗೆ ಸುತ್ತಿ ಎಳೆಯುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಚಾಚುವುದು, ಮೆತ್ತನೆಯ ಚಪ್ಪಲಿ ಇವನ್ನೆಲ್ಲ ಮಾಡಿಸಿದರು. ತುಸು ಹಗುರವಾಯಿತು, ಹೋಗಲಿಲ್ಲ. ಆಗ, “ಇನ್ನು ಶಾಕ್ ವೇವ್ ಕೊಡೋಣ” ಎಂದರು.

ನಮ್ಮವರು ಕುರ್ಚಿಯಿಂದೆದ್ದರು. “ಕರೆಂಟ್ ಹೊಡಸ್ತೀರೇನ್ರಿ?”

“ಕರೆಂಟ್ ಅಲ್ಲ. ಪೆಟ್ಟಿನ ಅಲೆ. ಈ ಗಾಯ ಬಹಳ ಹಳೆಯದಾಗಿದೆ, ವಾಸಿಯಾಗೋದನ್ನೇ ಮರೆತು ಕೂತಿದೆ. ಈ ಅಲೆಗಳು ಹೋಗಿ ಅದನ್ನ ತಟ್ಟಿ ಎಬ್ಬಿಸ್ತವೆ. ವಾರಕ್ಕೆ ಒಂದು ಸಲ, ನಾಲ್ಕು ವಾರ. ಒಂದು ಸಲಕ್ಕೆ ಎರಡು ಸಾವಿರ ಪೆಟ್ಟು.”

“ಎರಡು ಸಾವಿರ!” ಎಂದು ನಮ್ಮವರು ನನ್ನ ಕಡೆ ನೋಡಿದರು. “ಅಷ್ಟು ನಾ ಇಡೀ ಜಲ್ಮದಾಗ ಕೊಟ್ಟಿಲ್ರಿ.”

ಎದೆಯಲ್ಲಿ ಯಂತ್ರ ಕೂರಿಸಿದೆಯೇ, ರಕ್ತ ತೆಳುವಾಗುವ ಗುಳಿಗೆ ತಿನ್ನುತ್ತೀರಾ ಎಂದೆಲ್ಲ ಕೇಳಿ, ಡಾಕ್ಟರು ನನ್ನನ್ನು ಬೋರಲಾಗಿ ಮಲಗಿಸಿದರು. ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿದರು. ಬ್ಯಾಟರಿಯಂಥ ಒಂದು ಹಿಡಿಕೆಯನ್ನು ತಂದು ನೋವಿನ ನೆತ್ತಿಗೇ ಒತ್ತಿ ಗುಂಡಿ ಅದುಮಿದರು. ಟಕ ಟಕ ಟಕ ಟಕ. ಮರಕುಟುಕ ಹಕ್ಕಿಯೊಂದಕ್ಕೆ ನನ್ನ ಕಾಲು ಒಣಮರದಂತೆ ಕಂಡಿರಬೇಕು. ಮೊದಲ ನೂರು ಪೆಟ್ಟಿಗೆ ಹಲ್ಲು ಕಚ್ಚಿದೆ, ಇನ್ನೂರಕ್ಕೆ ದಿಂಬು ಕಚ್ಚಿದೆ.

“ಹತ್ತಕ್ಕೆ ಎಷ್ಟು ನೋವಿದೆ?” ಎಂದರು ಡಾಕ್ಟರು.

“ಹನ್ನೊಂದು!”

ಅವರು ಜೋರು ತುಸು ಇಳಿಸಿದರು, ನಾನು ಒಗ್ಗಿದಂತೆ ಮೆಲ್ಲಗೆ ಏರಿಸುತ್ತ ಹೋದರು. ಐನೂರು ದಾಟಿದ ಮೇಲೆ ವಿಚಿತ್ರವಾಯಿತು. ನೋವು ಇತ್ತು, ಆದರೆ ಪಕ್ಕದ ಮನೆಯವರ ಜಗಳದಂತೆ ಗೋಡೆಯಾಚೆ ಇತ್ತು. ಅಷ್ಟು ಹೊತ್ತೂ ನಮ್ಮವರು ನನ್ನ ತಲೆಯ ಬಳಿ ನಿಂತು ಬೆವರುತ್ತಿದ್ದರು.

“ಏನಾದರೂ ಮಾತಾಡ್ತಿರಿ, ಅವರ ಗಮನ ಆ ಕಡೆ ಹೋಗಲಿ. ನಗಿಸಬೇಡಿ ಮಾತ್ರ,” ಎಂದರು ಡಾಕ್ಟರು.

“ನಗಸದ… ಏನ್ ಮಾತಾಡ್ಬೇಕ್ರಿ?” ಎಂದು ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು ಪಾಪ. ಕಡೆಗೆ ಎರಡರ ಮಗ್ಗಿಯಿಂದ ಶುರುಮಾಡಿ ಹತ್ತೊಂಬತ್ತರ ಮಗ್ಗಿಯವರೆಗೂ ಹೋದರು.

ಹೊರಡುವಾಗ ಡಾಕ್ಟರು ಎರಡು ಮಾತು ಹೇಳಿದರು. ನೋವಿನ ಗುಳಿಗೆ ನುಂಗಬಾರದು. ಎರಡು ದಿನ ಓಡಬಾರದು, ಜಿಗಿಯಬಾರದು, ಹಿಮ್ಮಡಿಯ ಮೇಲೆ ಬೀಳಬಾರದು.

“ಅಂದ್ರ ನಗಬಾರದು,” ಎಂದೆ.

ಡಾಕ್ಟರು ಸ್ವಲ್ಪ ಯೋಚಿಸಿದರು. “ನಿಮ್ಮೂರಲ್ಲಿ ಹೌದು, ಅದೇ ಅರ್ಥ.”

ಓಣಿಯವರೆಲ್ಲ ಈ ಆಜ್ಞೆಯನ್ನು ತಮಗೇ ಹೇಳಿದ್ದೆಂಬಂತೆ ತೆಗೆದುಕೊಂಡರು. ಮೊದಲ ದಿನ ನಮ್ಮ ಮನೆಯ ಮುಂದೆ ಹಾದುಹೋದವರೆಲ್ಲ ತಲೆ ತಗ್ಗಿಸಿಕೊಂಡು ಹೋದರು. ನಮ್ಮವರು ಮಂಚದ ಪಕ್ಕ ಕೂತು ಯೂರಿಯಾ ಗೊಬ್ಬರದ ಖಾಲಿ ಚೀಲದ ಮೇಲಿನ ಸೂಚನೆಗಳನ್ನು ಗಂಭೀರವಾಗಿ ಓದಿದರು. “ತಂಪಾದ, ಒಣ ಜಾಗದಲ್ಲಿ ಇಡಿ. ಕೊಕ್ಕೆ ಬಳಸಬೇಡಿ.” ಓದಿ ನನ್ನ ಮುಖ ನೋಡಿದರು. ನಾನು ಗೋಡೆಗೆ ತಿರುಗಿಕೊಂಡೆ. ಆ ಮನುಷ್ಯ ನಗಿಸಬಾರದೆಂದು ಹಣೆ ಗಂಟಿಕ್ಕಿಕೊಂಡಾಗ ಮೀಸೆಯ ಒಂದು ತುದಿ ತಾನಾಗಿ ಮೇಲೇಳುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವರು ಅಷ್ಟು ಗಂಭೀರವಾಗಿದ್ದುದನ್ನು ನೋಡಿರಲಿಲ್ಲವಾದ್ದರಿಂದ ಅದು ನನಗೆ ಗೊತ್ತೇ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಬಸಲಿಂಗವ್ವ ನನ್ನನ್ನು ನೋಡಲು ಬಂದಳು. ಗಂಡ ತೀರಿ ಒಂಬತ್ತು ವರ್ಷವಾದ, ಮಾತು ಕಡಿಮೆಯ ಹೆಣ್ಣುಮಗಳು. ಅವಳ ಹಿಂದೆಯೇ ಎದುರು ಮನೆಯ ಚನ್ನವೀರಪ್ಪನವರು ಬಂದರು. ನಿವೃತ್ತ ಪೋಸ್ಟ್‌ಮಾಸ್ತರು, ಅವರೂ ಒಂಟಿ, ಈಗಲೂ ಯಾರದಾದರೂ ಹೆಸರು ಹೇಳಿದರೆ ಪಿನ್ ಕೋಡ್ ಕೇಳುವವರು. ಇಬ್ಬರೂ ಬಂದು ನನ್ನ ಮಂಚದ ಎದುರು ಸಾವಿನ ಮನೆಯಲ್ಲಿ ಕೂತಂತೆ ಕೂತರು. ನಮ್ಮವರು ಗೊಬ್ಬರದ ಚೀಲ ಹಿಡಿದಿದ್ದರು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

ಮಾಸ್ತರು ನಿಟ್ಟುಸಿರಿಟ್ಟು, “ಆ ಹಿಮ್ಮಡಿ ಭಾಳ ಒಳ್ಳೇದಿತ್ರಿ,” ಎಂದರು.

ಅಷ್ಟೇ. ನನ್ನ ಹೊಟ್ಟೆಯೊಳಗೆ ಎರಡು ತಿಂಗಳಿನಿಂದ ಕಟ್ಟಿಟ್ಟಿದ್ದೆಲ್ಲ ಒಮ್ಮೆಗೇ ಬಿಚ್ಚಿಕೊಂಡಿತು. ಮಂಚದ ಪಟ್ಟಿ ಹಿಡಿದೆ, ಕೈ ಜಾರಿತು. ಹೊದಿಕೆ, ದಿಂಬು, ನಾನು, ಮೂರೂ ಮೇಲೆ ಹೋದೆವು. ಮಾಳಿಗೆಯ ಕೌದಿಗೆ ಬೆನ್ನು ತಾಗಿತು. ಅಲ್ಲಿ ಅಂಟಿಕೊಂಡು ನಗುತ್ತಿದ್ದೇನೆ, ಕಣ್ಣಲ್ಲಿ ನೀರು, ಕೆಳಗೆ ನಮ್ಮವರು ಎರಡೂ ಕೈ ಎತ್ತಿ, “ನಗಬ್ಯಾಡ! ಅಲ್ಲ ಅಲ್ಲ, ನಿಲ್ಲಸಬ್ಯಾಡ! ನಿಲ್ಲಿಸಿದ್ರ ಬೀಳ್ತಿ!” ಎಂದು ಓಡಾಡುತ್ತಿದ್ದಾರೆ.

ಅದು ನಿಜವೇ. ನಿಲ್ಲಿಸಿದರೆ ಕೊನೆಯ ಎರಡು ಮೊಳ ಧಪ್ಪೆಂದು ಬರುತ್ತೇನೆ, ಎರಡು ಸಾವಿರ ಪೆಟ್ಟೂ ನೀರುಪಾಲು. ಸುದ್ದಿ ಕೇಳಿ ಡಾಕ್ಟರು ಓಡಿಬಂದು ಬಾಗಿಲಲ್ಲಿ ನಿಂತರು. ಮಾಳಿಗೆ ನೋಡಿದರು, ನೆಲ ನೋಡಿದರು. “ಒಂದೇ ಸಲ ನಿಲ್ಲಿಸಬೇಡಿ. ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಇಳಿಸಿ. ಔಷಧಿ ಬಿಡಿಸ್ತೀವಲ್ಲ, ಹಾಗೆ,” ಎಂದರು.

ನಮ್ಮವರಿಗೆ ಹೊಳೆಯಿತು. ಅಂಗಳಕ್ಕೆ ಹೋಗಿ ಕೂಗಿದರು. “ಎಲ್ಲಾರೂ ಬರ್ರಿ! ನಿಮ್ಮ ನಿಮ್ಮ ಕಡೆ ಇರೂ ಸಪ್ಪನ ಜೋಕ್ ತಗೊಂಡು ಬರ್ರಿ! ತುಸು ಛಲೋ ಇದ್ದಾವು ಮುಂದ, ಅಡ್ನಾಡಿ ಇದ್ದಾವು ಹಿಂದ!”

ಓಣಿ ಸಾಲುಗಟ್ಟಿತು. ಮೊದಲಿಗರಾಗಿ ಬಂದ ಕಿರಾಣಿ ಅಂಗಡಿಯವರ ಮಾತಿಗೆ ನಾನು ಇನ್ನೂ ಮಾಳಿಗೆ ಬಿಡಲಿಲ್ಲ. ಎರಡನೆಯವರದಕ್ಕೆ ಒಂದು ಗೇಣು ಇಳಿದೆ. ಮೂರು, ನಾಲ್ಕು, ಐದು, ಹೀಗೆ ಒಬ್ಬರಿಗಿಂತ ಒಬ್ಬರು ಸಪ್ಪೆ. ನಾನು ಗೂಡಿನಿಂದ ಇಳಿಬಿಟ್ಟ ಜೇಡದಂತೆ ಮೆಲ್ಲಗೆ ಇಳಿಯುತ್ತ ಬಂದೆ. ಹಾಸಿಗೆ ಇನ್ನೂ ಒಂದೂವರೆ ಮೊಳ ಕೆಳಗಿರುವಾಗ ಮಾಸ್ತರ ಪಾಳಿ ಬಂತು. ಅವರು ಗಂಟಲು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಇಲ್ಲದ ತಟ್ಟೆ ಹಿಡಿದಂತೆ ಮಾಡಿ ಹೇಳಿದರು.

“ಅಡಗಿಯಾಂವ ಕೇಳಿದ್ನಂತ್ರಿ: ಎಲ್ಲಿ ಇಡ್ಲಿ? ಯಜಮಾನ ಅಂದ್ನಂತ: ಇಡ್ಲಿ ಅಲ್ಲೇ ಇಡ್ಲಿ.”

ನಾನು ಇಡಿಯಾಗಿ ಒಂದು ಗೇಣು ಇಳಿದೆ. ಅಂಗಳದಲ್ಲಿ ನಿಂತವರು ಮುಖ ಕಿವುಚಿದರು. ಅಷ್ಟರಲ್ಲಿ ಮೂಲೆಯಿಂದ ಕಿಸಕ್ಕೆಂದು ಸದ್ದು ಬಂತು. ನೋಡಿದರೆ ಬಸಲಿಂಗವ್ವ. ಸೆರಗನ್ನು ಬಾಯಿಗೊತ್ತಿಕೊಂಡಿದ್ದಾಳೆ, ಕಣ್ಣು ಮುಚ್ಚಿದ್ದಾಳೆ, ಕಾಲು ನೆಲದಿಂದ ಎರಡು ಮೊಳ ಮೇಲೆ. ಆ ಇಡ್ಲಿಗೆ! ಊರಿಗೆ ಊರೇ ಅವಳ ಪಾದ ನೋಡಿತು. ಮಾಸ್ತರೂ ನೋಡಿದರು. ಅವರ ಕಿವಿ ಕೆಂಪಗಾಯಿತು. ನಮ್ಮೂರಿನಲ್ಲಿ ಇನ್ನೊಂದು ಮಾತು ಬೇಕಾಗಲಿಲ್ಲ.

ಉಳಿದ ಆ ಒಂದು ಮೊಳವನ್ನು ಇಳಿಸಿದವರು ಪುರಸಭೆಯ ಮೆಂಬರ್. ಅವರು ಬಂದು ಒಳಚರಂಡಿ ಯೋಜನೆಯ ಎರಡನೇ ಹಂತದ ಬಗ್ಗೆ ಹೇಳತೊಡಗಿದರು. ನನ್ನ ನಗೆ ಬತ್ತಿಯಂತೆ ಸಣ್ಣಗಾಗಿ, ಸಣ್ಣಗಾಗಿ, ಹಿಮ್ಮಡಿ ಹಾಸಿಗೆಯ ಮೇಲೆ ಹತ್ತಿಯಂತೆ ಕೂತಿತು. ಡಾಕ್ಟರು ಕೈ ತಟ್ಟಿದರು. ಮೆಂಬರ್ ಅದನ್ನು ತಮ್ಮ ಯೋಜನೆಗೆಂದು ತಿಳಿದು ಇನ್ನೂ ಕಾಲು ಗಂಟೆ ಮುಂದುವರಿಸಿದರು.

ಆಮೇಲೆ ಮೂರು ವಾರ, ಮೂರು ಸಲ ಅದೇ ಟಕ ಟಕ. ಎರಡನೆಯ ಸಲಕ್ಕೆ ನೋವು ಹತ್ತಕ್ಕೆ ಎಂಟು, ಕಡೆಯ ಸಲಕ್ಕೆ ಐದು. ಆದರೆ ಬೆಳಗಿನ ಮೊದಲ ಹೆಜ್ಜೆಯ ದಬ್ಬಣ ಮಾತ್ರ ಅಲ್ಲೇ ಇತ್ತು. ನಾಲ್ಕೂ ಮುಗಿದ ಮರುದಿನ ನಾನು ಕ್ಲಿನಿಕ್ಕಿನಲ್ಲಿ ಕೂತು ಅತ್ತುಬಿಟ್ಟೆ. “ನನ್ನ ಕೆಲಸ ಹೋತ್ರಿ. ಇನ್ನ ಆ ಸಾವಿನ ಏಣೀನ ಗತಿ.”

“ಎಬ್ಬಿಸಿದ್ದೀವಿ ಅಷ್ಟೆ, ಎದ್ದು ಕೆಲಸ ಮಾಡೋದಕ್ಕೆ ಅದಕ್ಕೂ ಸಮಯ ಬೇಕು,” ಎಂದರು ಡಾಕ್ಟರು. “ಹನ್ನೆರಡು ವಾರ ಕೊಡಿ. ಎಲ್ಲರಿಗೂ ಆಗುತ್ತೆ ಅಂತ ಮಾತು ಕೊಡೋದಿಲ್ಲ. ಆದರೆ ಬಹಳ ಜನಕ್ಕೆ ಆಗುತ್ತೆ.”

ಕಾದೆವು. ಆ ದಿನಗಳಲ್ಲಿ ನಮ್ಮವರು ಸಪ್ಪೆ ಜೋಕುಗಳ ಅಭ್ಯಾಸ ಮಾಡಿದರು. ಇಪ್ಪತ್ತಾರು ವರ್ಷ ಏರಿಸುವುದನ್ನಷ್ಟೇ ಕಲಿತಿದ್ದವರು ಇಳಿಸುವುದನ್ನು ಕಲಿಯಬೇಕಾಗಿತ್ತು. ಅವರಂಥ ಅಭಿಮಾನದ ಮನುಷ್ಯನಿಗೆ ಅದು ಸುಲಭವಲ್ಲ. ಮಾಸ್ತರ ಜಗಲಿಗೆ ಹೋಗಿ ಶಿಷ್ಯನಂತೆ ಕೂತು ಬರೆದುಕೊಂಡು ಬರುತ್ತಿದ್ದರು. ಒಳ್ಳೆಯ ಮಾತೊಂದು ನಾಲಿಗೆಗೆ ಬಂದರೆ ಔಷಧಿ ನುಂಗುವಂತೆ ನುಂಗಿಕೊಳ್ಳುತ್ತಿದ್ದರು.

ಒಂಬತ್ತನೆಯ ವಾರದಲ್ಲಿ ಒಂದು ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದು, ಒಲೆ ಹಚ್ಚಿ ಹಾಲಿಟ್ಟೆ. ಹಾಲು ಉಕ್ಕುವಾಗ ನೆನಪಾಯಿತು: ನಾನು ಗೋಡೆ ಹಿಡಿದಿರಲಿಲ್ಲ. ಹಾಲು ಉಕ್ಕಿ ಹೋಯಿತು, ನಾನು ನೋಡುತ್ತ ನಿಂತೆ. ಡಾಕ್ಟರಿಗೆ ಹೇಳಿದಾಗ, “ನೆಲದ ಮೇಲೆ ನಡೆಯೋದು ಬೇರೆ, ಮೇಲಿಂದ ಬೀಳೋದು ಬೇರೆ. ಏರಿ, ಆದರೆ ಮೆಲ್ಲಗೇ ಇಳಿಯಿರಿ,” ಎಂದು ಎಚ್ಚರಿಸಿದರು.

ನನ್ನ ಮೊದಲ ಕೆಲಸ ಬಸಲಿಂಗವ್ವ ಮತ್ತು ಚನ್ನವೀರಪ್ಪ ಮಾಸ್ತರ ಮದುವೆಯದ್ದೇ ಆಯಿತು. ಊರಿಗೆಲ್ಲ ಎತ್ತರದ ಗುಮ್ಮಟವಿರುವ ಮಂಟಪ, ನಲವತ್ತು ಸರ ಚೆಂಡುಹೂ. ಅತಿಥಿಗಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಒಂದು ಕಡೆ ಮೊದಲ ಪಂಕ್ತಿಗೆ ಎಲೆ ಹಾಕಿದ್ದರು, ಡಾಕ್ಟರು ಅಲ್ಲಿ ಕೂತಿದ್ದರು. ಹಗ್ಗ ಕಟ್ಟಿಕೊಂಡು ನಿಂತಾಗ ಗಂಟನ್ನು ಮೂರು ಸಲ ಬಿಗಿದು ನೋಡಿದೆ. ಹೆದರಿಕೆಗೆ ನಗೆ ಬರದಿದ್ದರೆ?

ನಮ್ಮವರು ಹಗ್ಗದ ತುದಿ ಮುಂಗೈಗೆ ಸುತ್ತಿಕೊಂಡು, ಸುತ್ತಮುತ್ತ ನೋಡಿ, ದನಿ ತಗ್ಗಿಸಿದರು.

“ಮದುಮಗ ಏನ್ ಮಾಡ್ಯಾನ ಗೊತ್ತೇನ? ಊರಿಗೆಲ್ಲಾ ಲಗ್ನಪತ್ರ ಪೋಸ್ಟ್ ಮಾಡ್ದ. ಹಂಗ ತನಗೂ ಒಂದು ಪೋಸ್ಟ್ ಮಾಡ್ಕೊಂಡಾನ. ಎಲ್ಲಾರಿಗೂ ಮುಟ್ಟೈತಿ, ಅವಂಗ ಬಂದಿಲ್ಲ. ನಿನ್ನಿ ಪೋಸ್ಟಾಫೀಸಿಗೆ ಹೋಗಿ ಜಗಳಾ ತಗದು ಕೂತಿದ್ದ. ನಾ ಅಂದೆ, ಮಾಸ್ತರ, ಅರಿಷಿಣ ಹಚ್ಚೂ ಹೊತ್ತಾತು, ಏಳ್ರಿ. ಅಂತಾನ: ‘ಕರೀದ ಮದುವಿಗೆ ನಾ ಹೆಂಗ ಬರ್ಲಿ?’”

ಕಾಲು ನೆಲ ಬಿಟ್ಟದ್ದೇ ನನಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಗುಮ್ಮಟದ ಕೊಕ್ಕೆಗಳು ಕೈಗೆಟುಕುತ್ತಿದ್ದವು. ಒಂದು, ಎರಡು, ಹತ್ತು, ಇಪ್ಪತ್ತು. ಎಷ್ಟು ದಿನವಾಗಿತ್ತು ಊರನ್ನು ಮೇಲಿನಿಂದ ನೋಡಿ! ಜರತಾರಿ ರುಮಾಲುಗಳು, ಮಲ್ಲಿಗೆ ಮುಡಿಗಳು, ನಮ್ಮವರ ನೆತ್ತಿಯ ಮೇಲೆ ನನಗೆ ಹೇಳದೆ ಹುಟ್ಟಿಕೊಂಡಿದ್ದ ರೂಪಾಯಿಯಗಲದ ಬೋಳು. ನಲವತ್ತೂ ಕಟ್ಟಿ ಮುಗಿಸಿ ಕೈಸನ್ನೆ ಮಾಡಿದೆ. ಅವರು ಇಳಿಸುವ ಮಾತು ಶುರುಮಾಡಿದರು. ಒಂದೊಂದು ಸಪ್ಪೆ ಮಾತಿಗೂ ಒಂದೊಂದು ಗೇಣು. ಎಷ್ಟು ಚೆಂದವಾಗಿ ಕಲಿತಿದ್ದರು! ನೆಲಕ್ಕೆ ಎರಡು ಮೊಳ ಉಳಿದಿತ್ತು.

ಆಗ ಬಾಗಿಲಲ್ಲಿ ಗದ್ದಲವಾಯಿತು. ತಲೆಗೆ ಬಾಸಿಂಗ, ಮೈಗೆಲ್ಲ ಅರಿಷಿಣ, ಕೈಯಲ್ಲಿ ಒಂದು ಲಕೋಟೆ ಎತ್ತಿ ಹಿಡಿದು ಮಾಸ್ತರು ಓಡಿಬಂದರು. “ಬಂತು! ಬಂತು! ಪಿನ್ ಕೋಡ್ ನಾನ ತಪ್ಪು ಬರದಿದ್ನಿ!”

ಇಳಿಸುವ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ನಮ್ಮವರು ಬಾಯಿ ತೆರೆದರು, ಹಾಗೆಯೇ ಮೇಲೆದ್ದರು. ಹಗ್ಗ ಹಿಡಿದವರೇ ಎದ್ದರೆ ಹಗ್ಗಕ್ಕೇನು ಅರ್ಥ? ನನ್ನನ್ನು ದಾಟಿ ಹೋಗುತ್ತ ನನ್ನ ಕೈ ಹಿಡಿದರು. ಇಬ್ಬರೂ ಚೆಂಡುಹೂವಿನ ಸರಗಳ ನಡುವೆ ತೂರಿ ಗುಮ್ಮಟದೊಳಗೆ ಹೋದೆವು. ಕೆಳಗೆ ಅರ್ಧ ಮದುವೆಯೇ ನೆಲ ಬಿಟ್ಟಿತ್ತು. ಪಂಕ್ತಿಯಲ್ಲಿ ಕೂತವರು ಎಲೆ ಎಳೆದುಕೊಂಡು ಏರಿದ್ದರು. ನಮ್ಮನ್ನು ಇಳಿಸಲು ಸಪ್ಪೆ ಮಾತಾಡುವಷ್ಟು ಗಂಭೀರವಾಗಿ ಒಬ್ಬರೂ ಉಳಿದಿರಲಿಲ್ಲ.

ನಗೆ ಕಡಿಮೆಯಾಗುತ್ತ ಇಬ್ಬರೂ ಇಳಿದೆವು. ಎರಡು ಮೊಳ ಉಳಿದಾಗ ಅವರಿಗೆ ನೆನಪಾಯಿತು. ಮುಖ ಬಿಳಿಚಿತು. “ಕಾಶೀ, ನಿನ್ನ ಹಿಮ್ಮಡಿ!” ಎಂದರು. ಆ ಮಾತಿಗೆ ನನ್ನ ನಗೆ ಪಟ್ಟನೆ ಕಡಿಯಿತು.

ಧಪ್!

ಕಲ್ಲಿನ ನೆಲ. ಎರಡೂ ಹಿಮ್ಮಡಿ ಊರಿ ಬಿದ್ದೆ. ಉಸಿರು ಹಿಡಿದು ಕಾದೆ. ನನಗೆ ಗೊತ್ತಿತ್ತಲ್ಲ, ಅದು ಬರಲು ಒಂದು ಕ್ಷಣ ಹಿಡಿಯುತ್ತದೆ. ಒಂದು ಕ್ಷಣ ಕಳೆಯಿತು. ಇನ್ನೊಂದು. ನನ್ನ ಕಣ್ಣಿಂದ ದಳದಳ ನೀರು ಸುರಿಯತೊಡಗಿತು.

“ಡಾಕ್ಟರ್ರ! ಡಾಕ್ಟರ್ರ!” ಎಂದು ನಮ್ಮವರು ಚೀರಿದರು.

ಡಾಕ್ಟರು ಎಂಜಲುಗೈ ತೊಳೆದುಕೊಂಡು ಓಡಿಬಂದರು. ಹೂವಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ನನ್ನನ್ನು ಕೂರಿಸಿ, ಎದುರು ಮಂಡಿಯೂರಿ, ಪಾದ ಕೈಗೆತ್ತಿಕೊಂಡು ಹೆಬ್ಬೆರಳು ಒತ್ತಿದರು.

“ಇಲ್ಲಿ ನೋವಿದೆಯಾ?”

ಅಡ್ಡಡ್ಡ ತಲೆಯಲ್ಲಾಡಿಸಿದೆ.

“ಇಲ್ಲಿ? ಈ ಒಳಬದಿಗೆ?”

“ಇಲ್ರಿ,” ಎಂದೆ. ಆ ‘ಇಲ್ರಿ’ ನನ್ನ ಬಾಯಿಂದ ಬಂದದ್ದೇ ತಡ, ಅಳುವಿನ ಅಡಿಯಲ್ಲಿ ಎಲ್ಲೋ ಗುಳುಗುಳು ಶುರುವಾಯಿತು. ನೋವಿಲ್ಲ! ಬುಟ್ಟಿಯ ಮೇಲಿಂದ ನಾನು ಎದ್ದೆ, ಕೂತಂತೆಯೇ. ಡಾಕ್ಟರು ಪಾದ ಬಿಡಲಿಲ್ಲ. ನಾನು ಏರಿದಂತೆ ಅವರೂ ಮಂಡಿಯಿಂದೆದ್ದು ನಿಂತರು, ಆಮೇಲೆ ತುದಿಗಾಲಿಗೆ ಬಂದರು.

“ಇನ್ನೂ ಜೋರಾಗಿ ಒತ್ತಿದರೆ?”

“ಇಲ್ರಿ!”

“ಖಂಡಿತ?” ಅವರ ದನಿ ಅಷ್ಟರಲ್ಲೇ ನಡುಗುತ್ತಿತ್ತು. ಬಂದು ಅಷ್ಟು ತಿಂಗಳಾದರೂ ಒಮ್ಮೆಯೂ ಅವರು ಹಾಗೆ ನಗುವುದನ್ನು ನಾನು ಕಂಡಿರಲಿಲ್ಲ. ತುಟಿಯಿಂದ ಶುರುವಾಗಿ ಕಣ್ಣಿಗೆ, ಭುಜಕ್ಕೆ, ಹೆಬ್ಬೆರಳಿಗೂ ಅದು ಬಂತು. ಅವರ ಚಪ್ಪಲಿಯೊಂದು ಕಳಚಿ ಕೆಳಗೆ ಬಿತ್ತು, ಅವರಿಗೆ ಗೊತ್ತಾಗಲಿಲ್ಲ. ಬಸಲಿಂಗವ್ವ, ಮಾಸ್ತರು, ನಮ್ಮವರು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ನಾವು ಚೆಂಡುಹೂವಿನ ಸರಗಳ ಮಟ್ಟಕ್ಕೆ ಬಂದಿದ್ದೆವು.

“ಡಾಕ್ಟರ್ ಬಾಯಾರ, ನಿಮ್ಮ ಎಲಿಗೆ ಪಾಯಸ ಹಾಕೀವ್ರಿ, ಬರ್ರಿ!” ಎಂದು ಬಡಿಸುವವರು ಕೆಳಗಿನಿಂದ ಕೂಗಿದರು.

“ಒಂದೇ ನಿಮಿಷ, ಬಂದೆ,” ಎಂದರು ಡಾಕ್ಟರು, ಕೆಳಗೆ ನೋಡದೆ. “ಇನ್ನೊಂದು ಕಾಲು ನೋಡೋದು ಬಾಕಿ ಇದೆ.”